ಮಷೀನ್ 14 ಸಾವಿರ ಅಂದ ರಾತ್ರಿ

ನಮ್ಮ ಲ್ಯಾಬ್‌ನಲ್ಲಿ ಸಿಬಿಸಿ (ರಕ್ತಕಣಗಳ ಎಣಿಕೆ) ರಿಪೋರ್ಟ್ ಮಷೀನಿನಿಂದ ಸೀದಾ ರೋಗಿಯ ವಾಟ್ಸಾಪ್‌ಗೆ ಹೋಗುತ್ತದೆ. ನಾವು ಸ್ಮಿಯರ್ (ಗಾಜಿನ ಸ್ಲೈಡ್ ಮೇಲೆ ತೆಳುವಾಗಿ ಎಳೆದ ರಕ್ತ) ಮೈಕ್ರೋಸ್ಕೋಪಿನಲ್ಲಿ ನೋಡುವ ಮೊದಲೇ. ಹೀಗೆ ಮಾಡಬೇಡಿ ಅಂದರೆ ಮೇಲಿನವರು 'ಟಿಎಟಿ (ರಿಪೋರ್ಟ್ ಕೊಡಲು ಹಿಡಿಯುವ ಸಮಯ) ಚೆನ್ನಾಗಿ ಬರ್ತಿದೆ ಅಲ್ವಾ' ಅನ್ನುತ್ತಾರೆ. ಅದರ ಫಲವನ್ನು ಡೆಂಗಿ ಸೀಸನ್‌ನ ಒಂದು ನೈಟ್ ಡ್ಯೂಟಿಯಲ್ಲಿ ಕಣ್ಣಾರೆ ಕಂಡೆ.

ಮರುದಿನ ಹರ್ನಿಯಾ ಆಪರೇಷನ್ ಇದ್ದ ಹಿರಿಯರೊಬ್ಬರ ರಿಪೋರ್ಟ್ ಅದು. ಪ್ಲೇಟ್‌ಲೆಟ್ 14 ಸಾವಿರ. ನಾನು ಸ್ಲೈಡ್ ಎಳೆಯುವಷ್ಟರಲ್ಲಿ ಅವರ ಮಗ ಕೌಂಟರಿಗೆ ಓಡಿ ಬಂದ. ಒಂದು ಕಿವಿಯಲ್ಲಿ ಬ್ಲಡ್ ಬ್ಯಾಂಕ್, ಇನ್ನೊಂದು ಫೋನಿನಲ್ಲಿ ರಕ್ತ ಕೊಡಲು ಬರಬೇಕಾದ ನೆಂಟರು. 'ಅಪ್ಪಂಗೆ ಏನಾಗಿದೆ ಹೇಳಿ ಮೇಡಂ' ಅನ್ನುವಾಗ ಅವನ ಕೈ ನಡುಗುತ್ತಿತ್ತು. ಅಪ್ಪ ಮಾತ್ರ ಬೆಂಚಿನ ಮೇಲೆ ಆರಾಮಾಗಿ ಕಾಫಿ ಕುಡಿಯುತ್ತಿದ್ದರು. ಜ್ವರ ಇಲ್ಲ. ಕಾಲಿನ ಮೇಲೆ ಒಂದು ಕೆಂಪು ಚುಕ್ಕೆ ಇಲ್ಲ. ವಸಡಿನಲ್ಲಿ ರಕ್ತ ಇಲ್ಲ. ಪ್ಲೇಟ್‌ಲೆಟ್ ಅಂಟಿಕೊಂಡಿರಬಹುದು ಅಂತ ಮಷೀನ್ ಕ್ಲಂಪ್ಸ್ ಫ್ಲ್ಯಾಗ್ ಬೇರೆ ಕೊಟ್ಟಿತ್ತು.

ಸ್ಲೈಡಿಗೆ ಹಾಕಿದ ಲೀಶ್‌ಮನ್ ಬಣ್ಣ ಹಿಡಿಯುವ ತನಕ ಕಾಯಲೇಬೇಕು, ಅವಸರ ಮಾಡಿದರೆ ಸ್ಲೈಡ್ ಕೆಡುತ್ತದೆ. ಆ ಹುಡುಗ ಗಾಜಿನಾಚೆ ನಿಂತು ನನ್ನ ಕೈಯನ್ನೇ ನೋಡುತ್ತಿದ್ದ. ಆಯಿಲ್ ಹಾಕಿ ಸ್ಮಿಯರ್‌ನ ತುದಿಗೆ ಹೋದರೆ ಪ್ಲೇಟ್‌ಲೆಟ್‌ಗಳು ಗೊಂಚಲು ಗೊಂಚಲಾಗಿ ಅಂಟಿಕೊಂಡಿದ್ದವು. ಕೆಲವರ ರಕ್ತ ನೇರಳೆ ಟ್ಯೂಬ್‌ನ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಜೊತೆ ಸೇರಿದಾಗ ಹೀಗಾಗುತ್ತದೆ. ಮೈಯೊಳಗೆ ಏನೂ ತೊಂದರೆ ಇರುವುದಿಲ್ಲ. ಮಷೀನಿಗೆ ಆ ಗೊಂಚಲು ಪ್ಲೇಟ್‌ಲೆಟ್ ಅಂತ ಗೊತ್ತಾಗುವುದಿಲ್ಲ, ಲೆಕ್ಕ ತಪ್ಪುತ್ತದೆ. ನೀಲಿ ಸಿಟ್ರೇಟ್ ಟ್ಯೂಬ್ ಹುಡುಕಿ (ರಾತ್ರಿ ಸ್ಟಾಕ್ ಎಲ್ಲಿಟ್ಟಿರುತ್ತಾರೋ!) ಮತ್ತೆ ರಕ್ತ ತೆಗೆದು ಕೂಡಲೇ ಮಷೀನಿನಲ್ಲಿ ಓಡಿಸಿದೆ. 1.9 ಲಕ್ಷ ಬಂತು. ಸಿಟ್ರೇಟ್ ದ್ರವ ರಕ್ತವನ್ನು ತುಸು ತೆಳುವಾಗಿಸುವುದರಿಂದ 1.1ರಿಂದ ಗುಣಿಸಿದರೆ 2 ಲಕ್ಷ ದಾಟಿತು. ಮುಂದೆ ಎಲ್ಲೇ ಟೆಸ್ಟ್ ಮಾಡಿಸಿದರೂ ಈ ವಿಷಯ ಹೇಳಿ ಅಂತ ಅವರ ಫೈಲಿನಲ್ಲಿ ಬರೆದುಕೊಟ್ಟೆವು.

ಅದೇ ರಾತ್ರಿ ವಾರ್ಡಿನಿಂದ ಡೆಂಗಿ ಆಗಿದ್ದ ಒಬ್ಬ ಹೆಂಗಸಿನ ಸ್ಯಾಂಪಲ್ ಬಂತು. 62 ಸಾವಿರ, ಸ್ಮಿಯರ್‌ನಲ್ಲೂ ಅಷ್ಟೇ. ಜ್ವರ ಬಿಟ್ಟಿದೆ ಅಂತ ಮನೆಯವರು ಖುಷಿಯಲ್ಲಿದ್ದರು. ನನಗೆ ಭಯ ಹುಟ್ಟಿಸಿದ್ದು ಪಕ್ಕದ ಸಾಲು. ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇಕಡಾದಲ್ಲಿ) 38ರಿಂದ 46ಕ್ಕೆ ಏರಿತ್ತು. ಅಂದರೆ ರಕ್ತನಾಳದಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗುತ್ತಿದೆ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ಆ ರೋಗಿಗೆ ಹೊಟ್ಟೆನೋವು, ನಿಲ್ಲದ ವಾಂತಿ. ತಕ್ಷಣ ಐಸಿಯುಗೆ ಹಾಕಿದರು. ಆಕೆಯನ್ನು ಉಳಿಸಿದ್ದು ಲೆಕ್ಕ ಹಾಕಿ ಕೊಟ್ಟ ಡ್ರಿಪ್. ಒಂದು ಬ್ಯಾಗ್ ಪ್ಲೇಟ್‌ಲೆಟ್ ಕೂಡ ಬೇಕಾಗಲಿಲ್ಲ.

ಪ್ಲೇಟ್‌ಲೆಟ್ ನಾರ್ಮಲ್ ಅಂದರೆ ಒಂದೂವರೆಯಿಂದ ನಾಲ್ಕೂವರೆ ಲಕ್ಷ. 50 ಸಾವಿರದ ಮೇಲಿದ್ದರೆ ಸಾಮಾನ್ಯವಾಗಿ ತಾನಾಗಿ ರಕ್ತಸ್ರಾವ ಆಗುವುದಿಲ್ಲ. ರಕ್ತಸ್ರಾವ ಇಲ್ಲದಿದ್ದರೂ ಪ್ಲೇಟ್‌ಲೆಟ್ ಹಾಕುವುದು ಹೆಚ್ಚಾಗಿ 10 ಸಾವಿರಕ್ಕಿಂತ ಇಳಿದಾಗ. ಆದರೆ ಮೂಗು, ವಸಡಿನಲ್ಲಿ ರಕ್ತ, ಕಪ್ಪು ಮಲ, ಒತ್ತಿದರೂ ಮಾಯವಾಗದ ಕೆಂಪು ಚುಕ್ಕೆ, ಜೋರು ತಲೆನೋವು, ವಿಪರೀತ ಸುಸ್ತು ಇದ್ದರೆ ನಂಬರ್ ಎಷ್ಟೇ ಇರಲಿ, ಆಸ್ಪತ್ರೆಗೆ ಹೊರಡಿ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಜಾಸ್ತಿ ಅಪಾಯದ್ದು. ಮೈಕೈ ನೋವಿಗೆ ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ನುಂಗಬೇಡಿ. ಪ್ಯಾರಾಸಿಟಮಾಲ್ ಸಾಕು. ಹೃದಯಕ್ಕೆ ಅಂತ ಮೊದಲಿಂದ ಆಸ್ಪಿರಿನ್ ತಗೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.