ಅಲ್ ಅತ್ಲಾಲ್ ಕ್ಯಾಸೆಟ್: ಕೆಟ್ಟಿದ್ದು ಡೆಕ್ ಅಲ್ಲ, ನನ್ನ ಷಡ್ಜ

ಕ್ಯಾಸೆಟ್ ಡೆಕ್ಕಿನ ವೇಗ ಸರಿಮಾಡೋಕೆ ಒಂಬತ್ತು ದಿನ ಅದರ ಮೋಟರಿನ ಬೆನ್ನಿನ ತೂತಿಗೆ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಕೂತಿದ್ದೆ. ಹೆಡ್ ಒರೆಸಿದ್ದು, ಬೆಲ್ಟ್ ಬದಲಿಸಿದ್ದು ನಿಮಗೆಲ್ಲ ಗೊತ್ತಿರೋ ಕತೆ, ಬಿಡಿ. ಬೆಲ್ಟ್ ಕಳಿಸಿದ ಪುಣ್ಯಾತ್ಮ ಎರಡು ಸಲ ಅಳತೆ ತಪ್ಪಿಸಿದ. ಮೂರನೆಯದು ಸೊಪ್ಪಿನ ಕಟ್ಟಿಗೆ ಹಾಕೋ ರಬ್ಬರ್ ಬ್ಯಾಂಡಿಗಿಂತ ತುಸು ವಾಸಿ.

ಕ್ಯಾಸೆಟ್ ಚಿಕ್ಕಪ್ಪ ಕುವೈತಿನಿಂದ ತಂದದ್ದು. ಈಜಿಪ್ಟಿನ ಗಾಯಕಿ ಉಮ್ ಕುಲ್ಸುಮ್ ‘ಅಲ್ ಅತ್ಲಾಲ್’ ಹಾಡಿದ ಕಛೇರಿ. ವೈದ್ಯಕವಿ ಇಬ್ರಾಹಿಂ ನಾಜಿಯ ಪದ್ಯಕ್ಕೆ ರಿಯಾದ್ ಅಲ್ ಸುಂಬಾತಿ ಸ್ವರ ಹಾಕಿದ್ದು. ಆಕೆ ಮೊದಲು ಹಾಡಿದ್ದು 1966ರಲ್ಲಿ. ನಾಜಿ 1953ರಲ್ಲೇ ತೀರಿಹೋಗಿದ್ದರು, ಪಾಪ, ಕೇಳಲಿಲ್ಲ.

ವೇಗ ಸರಿಯಿದೆಯಾ ಅಂತ ನೋಡೋಕೆ ನಾನು ಮಾಡಿದ್ದು ನಮ್ಮೂರ ಬುದ್ಧಿ: ಮೊದಲು ಷಡ್ಜ ಹಿಡಿ, ಉಳಿದದ್ದು ತಾನೇ ಕೂರುತ್ತೆ. ಆಕೆ ಬಂದು ನಿಲ್ಲೋ ಸ್ವರಕ್ಕೆ ಟ್ಯೂನರ್ (ಶ್ರುತಿ ಅಳೆಯೋ ಯಂತ್ರ) ಇಟ್ಟರೆ ಮುಳ್ಳು 50 ಸೆಂಟ್, ಅಂದರೆ ಅರ್ಧಸ್ವರದ ಅರ್ಧದಷ್ಟು, ಕೆಳಗೆ. ಸ್ಕ್ರೂ ತಿರುಗಿಸಿದೆ. ಸೊನ್ನೆಗೆ ಬಂತು. ಖುಷಿ! ಆಮೇಲೆ ಅದರ ಮೇಲಿನ ಸ್ವರ ನೋಡಿದರೆ ಅದು 50 ಸೆಂಟ್ ಮೇಲೆ. ಅದನ್ನು ಸರಿಮಾಡಿದರೆ ಷಡ್ಜ ಮತ್ತೆ ಕೆಳಗೆ. ಡೆಕ್ ಓಲಾಡ್ತಿದೆ ಅಂತ ಟೇಪ್ ಎಳೆಯೋ ಕ್ಯಾಪ್‌ಸ್ಟನ್ನಿಗೆ ಎಣ್ಣೆ, ಅದಕ್ಕೆ ಟೇಪ್ ಒತ್ತೋ ಪಿಂಚ್ ರೋಲರಿಗೆ ಸ್ಪಿರಿಟ್, ನನಗೆ ಮನೆಯವರ ಬೈಗುಳ.

ಅಷ್ಟರಲ್ಲಿ ಹುಚ್ಚು ಹಿಡಿಯಲಿಲ್ಲ ಅನ್ನೋದೇ ಪುಣ್ಯ. ಮಕಾಮ್ (ಅರಬ್ಬರ ರಾಗ ಅನ್ನಿ) ಯಾವುದು ಅಂತ ನೋಡಬೇಕಿತ್ತು ಮೊದಲು! ಇದು ಹುಜಾಮ್, ಸಿಕಾ ಬಳಗದ್ದು. ಅಲ್ಲಿ ಆಧಾರ ಸ್ವರವೇ ಕಾಲುಸ್ವರದ ಮೇಲೆ ನಿಲ್ಲೋದು. ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಒಂದು ಗಾಂಧಾರ ಇದೆ ಅಂದುಕೊಳ್ಳಿ, ಅದನ್ನೇ ಮನೆ ಮಾಡಿಕೊಂಡು ಹಾಡೋದು. ಪಿಯಾನೋ ಲೆಕ್ಕದ ಟ್ಯೂನರಿಗೆ ಆ ಮನೆ ಕಾಣಲ್ಲ. ನಾನು ಅದನ್ನು ಎಳೆದು ತರೋಕೆ ಟೇಪಿನ ವೇಗ ಸುಮಾರು 3% ಏರಿಸಿದ್ದೆ. ಒಂದು ಗಂಟೆಯ ಹಾಡಿಗೆ ಪೂರಾ 1 ನಿಮಿಷ 45 ಸೆಕೆಂಡ್ ಕಳ್ಳತನ. ಅರುವತ್ತು ದಾಟಿದ ಆ ದಪ್ಪ ದನಿ ತೆಳ್ಳಗಾಗಿದ್ದು ನನಗೆ ಹೊಳೆಯಲೇ ಇಲ್ಲ.

ಕೊನೆಗೆ ಗೆಳೆಯರೊಬ್ಬರಿಂದ 3150 ಹರ್ಟ್ಸಿನ ಒಂದೇ ಸ್ವರ ತುಂಬಿದ, ವೇಗ ಅಳೆಯೋ ಟೆಸ್ಟ್ ಟೇಪ್ ತಂದೆ. (ದುಡ್ಡು ಕೊಟ್ಟು ತರಿಸಿದ್ದ ಮೊದಲನೆಯದು ಯಾರದೋ ಮನೆಯಲ್ಲಿ ನಕಲು ಮಾಡಿದ್ದು, ಅದೇ ಓಲಾಡ್ತಿತ್ತು.) ಸರಿ ವೇಗಕ್ಕೆ ತಂದಾಗ ಸ್ಕ್ರೂ ನಿಂತಿದ್ದು ಎಲ್ಲಿ? ಕಾರ್ಖಾನೆಯವರು ಕೆಂಪು ಬಣ್ಣದ ಚುಕ್ಕೆ ಇಟ್ಟಲ್ಲೇ.

ಈಗ ಕಾಟ ಕೊಡ್ತಿರೋದು ಸೈಡ್ ತಿರುವೋ ಜಾಗ. ಬಿಡುಗಡೆ ಬೇಡುವ ಸಾಲನ್ನು ಸಭಿಕರು ಬೊಬ್ಬೆ ಹೊಡೆದು ಮತ್ತೆ ಮತ್ತೆ ಹಾಡಿಸ್ತಾರೆ, ಸರಿಯಾಗಿ ಅಲ್ಲೇ ಟೇಪ್ ಮುಗಿಯುತ್ತೆ. ಎರಡು ಸೈಡ್ ಒಂದಾಗಿ ಜೋಡಿಸೋ ಮುಂಚೆ ಗ್ರಾಮಫೋನ್ ತಟ್ಟೆಗೆ ಒಂದು ದಪ್ಪ ಮೊನೆಯ ಸೂಜಿ ಹುಡುಕ್ತಿದ್ದೀನಿ, ಇನ್ನೊಬ್ಬ ಗಾಯಕಿ ಅಸ್ಮಹಾನ್‌ಗೆ. 1944ರಲ್ಲಿ ಕಾರು ಕಾಲುವೆಗೆ ಬಿದ್ದು ಹೋದಾಕೆ, ಟೇಪ್ ಕಾಲ ಕಾಣಲೇ ಇಲ್ಲ. ‘ಯಾ ತುಯೂರ್’ ಹಾಡಿನಲ್ಲಿ ಹಕ್ಕಿಯ ಹಾಗೆ ದನಿ ಕುಣಿಸಿದ್ದು ಅರಗಿನ ತಟ್ಟೆಯಲ್ಲೇ ಕೇಳಬೇಕು. ತಟ್ಟೆಯ ವೇಗ ನಿಮಿಷಕ್ಕೆ 78 ಸುತ್ತಾ, 76ಆ? ಆ ಎರಡು ಸುತ್ತಿನ ವ್ಯತ್ಯಾಸ 45 ಸೆಂಟ್. ಈ ಸಲ ಟ್ಯೂನರ್ ಪೆಟ್ಟಿಗೆಯಲ್ಲೇ ಇರುತ್ತೆ.