ಫಾರಿನ್ನಿಗೆ ಹೋಗಿ ಲಾ ಓದಿದ್ರ ಇಲ್ಲಿ ಏನ್ ಉಪಯೋಗ? ಎಲ್ಲಾರೂ ಕೇಳೂ ಪ್ರಶ್ನೆಗೆ ನನ್ನ ಉತ್ತರ

"ಅಲ್ರೀ ವಕೀಲ್ರ, ಡಾಕ್ಟರಕಿ ಓದಾಕ ಹೊರಗ ಕಳಸಿದ್ರ ತಿಳೀತೈತಿ, ಮನಷ್ಯಾನ ದೇಹ ಎಲ್ಲಾ ಕಡೆ ಒಂದ. ಕಾನೂನು ಆಯಾ ದೇಶದ್ದ ಬ್ಯಾರೆ ಬ್ಯಾರೆ. ಲಂಡನ್ನಿನ್ಯಾಗ ಲಾ ಓದಿ ಬಂದು ಧಾರವಾಡ ಕೋರ್ಟಿನ್ಯಾಗ ಏನ್ ಮಾಡೂದೈತಿ?"

ನಾನು ಧಾರವಾಡದಾಗ ವಕೀಲಕಿ ಮಾಡತೇನಿ, ಜೊತಿಗೆ ಲಾ ಓದೂ ಹುಡುಗ್ರು ಹೊರದೇಶದ ಯೂನಿವರ್ಸಿಟಿಗೆ ಅರ್ಜಿ ಹಾಕೂ ಮುಂದ ಅವರ ಪೇಪರ್ ನೋಡಿಕೊಡತೇನಿ, ಹಿಂಗಾಗಿ ಹುಡುಗರ ಅಪ್ಪ, ಅವ್ವ, ಕಾಕಾ, ಮಾವ ಯಾರ ಸಿಕ್ಕರೂ ಈ ಪ್ರಶ್ನೆ ಬಂದ ಬರತೈತಿ. ಪ್ರಶ್ನೆ ಸರಿಯಾಗೇ ಐತಿ. ವಾಟ್ನಿ (ಆಸ್ತಿ ಪಾಲಿನ) ದಾವೆ ಹೆಂಗ ನಡಸೂದು, ಹೊಲದ ಉತಾರ (ಪಹಣಿ) ಹೆಂಗ ಓದೂದು, ತಹಶೀಲ್ದಾರ್ ಆರ್ಡರ್ ಮ್ಯಾಲೆ ಅಪೀಲು ಎಲ್ಲಿ ಹಾಕೂದು, ಇದನ್ನ ಆಕ್ಸ್‌ಫರ್ಡಿನ್ಯಾಗ ಯಾರೂ ಕಲಸೂದಿಲ್ಲ. ಆದ್ರೂ ನಾನು ಹುಡುಗರಿಗೆ ಹೋಗ್ರಿ ಅಂತನ ಹೇಳತೇನಿ. ಯಾವಾಗ ಹೋಗತೀರಿ, ಏನ್ ಕೇಳಾಕ ಹೋಗತೀರಿ, ಯಾರ ರೊಕ್ಕದಾಗ ಹೋಗತೀರಿ, ಇಷ್ಟರ ಮ್ಯಾಲೆ ಎಲ್ಲಾ ನಿಂತೈತಿ.

ಮೊದಲ ಯಾವಾಗ ಅನ್ನೂದು. ಪಿಯುಸಿ ಮುಗದ ಕೂಡಲೇ ಎಲ್ಎಲ್‌ಬಿನ ಹೊರಗ ಮಾಡಸಬೇಕು ಅಂತ ಬರೂ ಪಾಲಕರಿಗೆ ನಾನು ಒಂದ ಮಾತು ಕೇಳತೇನಿ: ನಿಮ್ಮ ಮಗಾ ಇಲ್ಲಿ ಬಂದು ಕೋರ್ಟಿನ್ಯಾಗ ನಿಲ್ಲಾವಾ ಅಥವಾ ಅಲ್ಲೇ ಇರಾವಾ? ಇಲ್ಲಿ ನಿಲ್ಲೂದಾದ್ರ ಬ್ಯಾಡ್ರಿ. ಯಾಕಂದ್ರ ಡಿಗ್ರಿ ಬ್ಯಾರೆ, ಸನದು ಅಂದ್ರ ವಕೀಲಕಿ ಮಾಡೂ ಪರವಾನಗಿ ಬ್ಯಾರೆ. 1961ರ ವಕೀಲರ ಕಾಯ್ದೆ 24ನೇ ಕಲಮಿನ ಪ್ರಕಾರ ಹೊರದೇಶದ ಲಾ ಡಿಗ್ರಿ ನಡೀಬೇಕಂದ್ರ ಅದನ್ನ ವಕೀಲರ ಮ್ಯಾಲಿನ ಸಂಸ್ಥೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಮಾನ್ಯ ಮಾಡಿರಬೇಕು, ಮತ್ತ ಅದರ 2008ರ ನಿಯಮದಾಗ ಏನೈತಿ ಅಂದ್ರ ಪದವಿ ಮುಗಿಸಿ ಲಾ ಓದಿದ್ರ ಕಡಿಮಿ ಅಂದ್ರೂ 3 ವರ್ಷದ ಕೋರ್ಸ್ ಇರಬೇಕು, ಪಿಯುಸಿಯಿಂದ ನೇರ ಹೋದ್ರ 5 ವರ್ಷದ್ದು ಇರಬೇಕು, ಅದರ ಮ್ಯಾಲೆ ಬಾರ್ ಕೌನ್ಸಿಲ್ ಇಡೂ ಬ್ಯಾರೆ ಪರೀಕ್ಷಾನೂ ಪಾಸಾಗಬೇಕು. ಈಗ ಇಂಗ್ಲೆಂಡ್ ನೋಡ್ರಿ, ಅಲ್ಲಿ ಶಾಲಿ ಮುಗಿಸಿ ಹೋದವರಿಗೆ ಎಲ್ಎಲ್‌ಬಿ ಸಾಮಾನ್ಯವಾಗಿ 3 ವರ್ಷ, ಪದವೀಧರರಿಗೆ 2 ವರ್ಷದ್ದೂ ಐತಿ. ಎರಡೂ ನಮ್ಮ ಲೆಕ್ಕಕ್ಕ ಕೂಡೂದಿಲ್ಲ. ಏಜೆಂಟರು ಇದನ್ನ ಬಾಯಿ ಬಿಟ್ಟು ಹೇಳೂದಿಲ್ಲ, ಫೀ ಕಟ್ಟಿದ ಮ್ಯಾಲೆ ಗೊತ್ತಾಗತೈತಿ. ಅಷ್ಟರ ಮ್ಯಾಲೂ ಹೋಗೂದ ಆದ್ರ, ಯೂನಿವರ್ಸಿಟಿ ಹೆಸರು, ಕೋರ್ಸ್ ಹೆಸರು, ಎಷ್ಟು ವರ್ಷ ಅನ್ನೂದು ಎಲ್ಲಾ ಬರದು ಬಾರ್ ಕೌನ್ಸಿಲ್ಲಿಗೆ ಪತ್ರ ಹಾಕಿ, ಲಿಖಿತ ಉತ್ತರ ಕೈಯಾಗ ಬಂದ ಮ್ಯಾಲೆ ಟಿಕೆಟ್ ತಗಸ್ರಿ.

ಡಿಗ್ರಿ ಬ್ಯಾರೆ ಸನದು ಬ್ಯಾರೆ ಅನ್ನೂದನ್ನ ಕಾರ್ನೇಲಿಯಾ ಸೊರಾಬ್ಜಿ ಅನುಭವಿಸಿದಷ್ಟು ಮತ್ತ್ಯಾರೂ ಅನುಭವಿಸಿಲ್ಲ ಅಂತ ನನಗ ಅನಸತೈತಿ. ನಾಸಿಕದಾಗ ಹುಟ್ಟಿದಾಕಿ, ಅಂದ್ರ ಆಗ ನಮ್ಮ ಧಾರವಾಡನೂ ಇದ್ದ ಮುಂಬೈ ಪ್ರಾಂತದಾಕೀನ. 1889ರಾಗ ಆಕ್ಸ್‌ಫರ್ಡಿಗೆ ಹೋಗಿ 1892ರಾಗ ಅಲ್ಲಿ ಬಿಸಿಎಲ್ ಅನ್ನೂ ಕಾನೂನು ಪದವಿಯ ಪರೀಕ್ಷಾ ಬರದ ಮೊದಲ ಹೆಣಮಗಳು ಆದಳು. ಆದ್ರ ಪದವಿ ಕೈಗೆ ಬಂದದ್ದು 1922ಕ್ಕ, ಯಾಕಂದ್ರ 1920ರ ತನಕಾ ಹೆಣಮಕ್ಕಳಿಗೆ ಆಕ್ಸ್‌ಫರ್ಡ್ ಪದವಿ ಕೊಡಾಕ ಒಪ್ಪಿರಲಿಲ್ಲ, ಇಲ್ಲಿ ಬಂದು ಕೋರ್ಟಿನ್ಯಾಗ ವಕೀಲಳಾಗಿ ನಿಲ್ಲಾಕ 1923ರ ಕಾಯ್ದೆ ಬರಬೇಕಾತು. ಮೂವತ್ತು ವರ್ಷ! ಆ ಹೊತ್ತಿನ್ಯಾಗ ಆಕಿ ಸುಮ್ಮನ ಕೂಡಲಿಲ್ಲ, ಪರದಾದಾಗ ಇದ್ದ ಹೆಣಮಕ್ಕಳ ಆಸ್ತಿ ಕಾಯೂ ಕೆಲಸ ಮಾಡಿದಳು. ಓದಿದ್ದು ವ್ಯರ್ಥ ಆಗಲಿಲ್ಲ ಖರೆ, ಆದ್ರ ಕಾನೂನಿನ ಬಾಗಿಲು ತಗೀಲಿಕ್ಕೆ ಓದು ಒಂದ ಸಾಕಾಗಲಿಲ್ಲ.

ಹಂಗಾಗಿ ನನ್ನ ಸಲಹಾ ಏನಂದ್ರ ಎಲ್ಎಲ್‌ಬಿ ಇಲ್ಲೇ ಮುಗಸ್ರಿ. ಹುಬ್ಬಳ್ಳಿ ನವನಗರದಾಗ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಿಂದ ಐತಿ, ಧಾರವಾಡದಾಗ ಸರ್ ಸಿದ್ದಪ್ಪ ಕಂಬಳಿ ಲಾ ಕಾಲೇಜ್ ಐತಿ, ಓದಾಕ ಜಾಗಾಕ್ಕ ಕೊರತಿ ಇಲ್ಲ. ಸನದು ತಗೊಂಡು, ಬಾರ್ ಪರೀಕ್ಷಾ ಮುಗಿಸಿ, ಒಬ್ಬ ಸೀನಿಯರ್ ಕೈಯಾಗ ಎರಡು ವರ್ಷರೆ ಕೆಲಸ ಮಾಡ್ರಿ. ಆಮ್ಯಾಲೆ ಎಲ್ಎಲ್ಎಂ, ಅಂದ್ರ ಕಾನೂನಿನ ಸ್ನಾತಕೋತ್ತರ ಪದವಿ, ಓದಾಕ ಹೊರಗ ಹೋದ್ರ ಸನದಿಗೆ ಏನೂ ಧಕ್ಕಿ ಇಲ್ಲ, ಅದು ನಿಂತಿರೂದು ಇಲ್ಲಿಯ ಎಲ್ಎಲ್‌ಬಿ ಮ್ಯಾಲೆ. ಒಂದ ಎಚ್ಚರಿಕಿ, ಮುಂದ ಕಾಲೇಜಿನ್ಯಾಗ ಪಾಠ ಹೇಳೂ ಆಸೆ ಇದ್ದವರು ಹೊರಗಿನ 1 ವರ್ಷದ ಎಲ್ಎಲ್ಎಂ ಇಲ್ಲಿಯ ಎಲ್ಎಲ್ಎಂಗೆ ಸಮ ಅಂತ ತಿಳಕೊಂಡು ಹೋಗಬ್ಯಾಡ್ರಿ. 2021ರ ಜನವರಿಯಾಗ ಬಾರ್ ಕೌನ್ಸಿಲ್ ಅದನ್ನ ಹಂಗ ನೇರ ಸಮ ಅಂತ ಹಿಡಿಯೂದಿಲ್ಲ ಅಂತ ನಿಯಮ ತಂದಿತ್ತು, ಅದು ಸುಪ್ರೀಂ ಕೋರ್ಟಿಗೆ ಹೋತು, ಹಿಂಗಾಗಿ ಹೋಗೂ ವರ್ಷ ಯಾವ ನಿಯಮ ಜಾರಿಯಾಗ ಐತಿ ಅನ್ನೂದನ್ನ ನೋಡಿಕೊಂಡ ಹೋಗಬೇಕು.

ಈಗ ಏನ್ ಕೇಳಾಕ ಹೋಗೂದು. ಇದನ್ನ ನಾನು ಭಾಳ ಹೇಳತೇನಿ, ಯಾಕಂದ್ರ ಮೇಲಿನ ಪ್ರಶ್ನೆಗೆ ಉತ್ತರ ಇಲ್ಲೇ ಐತಿ. ಕಾನೂನು ಆಯಾ ದೇಶದ್ದ ಅಂತೀರಲ್ಲ, ಮಹದಾಯಿ ನದಿ ನೀರಿನ ಜಗಳ ನೋಡ್ರಿ. ನರಗುಂದ, ನವಲಗುಂದದ ರೈತರು ಎಷ್ಟ ವರ್ಷ ಧರಣಿ ಕುಂತಾರ. 2018ರ ಆಗಸ್ಟ್ 14ಕ್ಕ ಟ್ರಿಬ್ಯೂನಲ್ ನಮಗ 13.42 ಟಿಎಂಸಿ ಅಂತ ಹೇಳಿತು. ಒಂದು ನದಿ ನೀರನ್ನ ಎರಡು ಮೂರು ರಾಜ್ಯಕ್ಕ ಹಂಚೂದು ಯಾವ ತತ್ವದ ಮ್ಯಾಲೆ? ನ್ಯಾಯಸಮ್ಮತ ಹಂಚಿಕಿ ಅನ್ನೂದರ ಮ್ಯಾಲೆ. ಅದನ್ನ ಗಟ್ಟಿಯಾಗಿ ಕಟ್ಟಿದ್ದು ಅಮೆರಿಕಾದ ಸುಪ್ರೀಂ ಕೋರ್ಟು, 1907ರಾಗ ಕಾನ್ಸಾಸ್ ಮತ್ತ ಕೊಲೊರಾಡೊ ರಾಜ್ಯಗಳು ಅರ್ಕಾನ್ಸಾ ನದಿ ಸಲುವಾಗಿ ಹೊಡದಾಡಿದಾಗ. ಆಮ್ಯಾಲೆ ಅಂತರರಾಷ್ಟ್ರೀಯ ನದಿಗಳ ಬಗ್ಗೆ 1966ರ ಹೆಲ್ಸಿಂಕಿ ನಿಯಮ ಬಂದವು. 2018ರ ಫೆಬ್ರುವರಿ 16ರ ಕಾವೇರಿ ತೀರ್ಪು ತಗದು ಓದ್ರಿ, ಹೆಲ್ಸಿಂಕಿ ನಿಯಮದ ಮಾತು ಅದರಾಗ ಬರತೈತಿ. ಅಂದ್ರ ನಮ್ಮ ಹೊಲಕ್ಕ ನೀರು ಬರತೈತೋ ಇಲ್ಲೋ ಅನ್ನೂ ವಾದದಾಗ ಎಲ್ಲೋ ದೂರದ ನದಿಗಳ ತೀರ್ಪು, ಎಲ್ಲೋ ದೂರದ ಊರಾಗ ಬರದ ನಿಯಮ ಬಂದು ಕುಂತಾವ. ಅಲ್ಲಿ ಹೋಗಿ ಜಲ ಕಾನೂನನ್ನ ಬುಡದಿಂದ ಓದಿ ಬಂದ ನವಲಗುಂದದ ಹುಡುಗಿ ಒಬ್ಬಾಕಿ ನಾಳೆ ಇಂಥಾ ಕೇಸಿನ್ಯಾಗ ಡ್ರಾಫ್ಟಿಂಗ್ ಮಾಡಿದ್ರ ಅದರ ಬೆಲಿ ಎಷ್ಟ ಆಗತೈತಿ ನೀವ ಹೇಳ್ರಿ. ಈ ಕೆಲಸಕ್ಕ ನಾವು ಯಾವಾಗ್ಲೂ ದಿಲ್ಲಿ ಬೆಂಗಳೂರಿನವರ ಬಾಯಿ ನೋಡಬೇಕಾಗೇತಿ, ಅದು ನನಗ ಖರೇನ ನೋವಿನ ವಿಷಯ.

ಇಲ್ಲಾ ಬ್ಯಾಡಗಿ ಮೆಣಸಿನಕಾಯಿ ತಗೋರಿ, ಹಾವೇರಿ ಜಿಲ್ಲಾದ್ದು. 2011ರಾಗ ಅದಕ್ಕ ಜಿಐ ಟ್ಯಾಗ್, ಅಂದ್ರ ಆ ಊರಿನ ಮಾಲಿಗಷ್ಟ ಆ ಹೆಸರು ಅನ್ನೂ ಗುರುತು, ಸಿಕ್ಕತು ಅಂತ ಖುಷಿ ಪಟ್ಟವಿ. ಆದ್ರ ವಿಶ್ವ ವ್ಯಾಪಾರ ಸಂಸ್ಥೆ ಡಬ್ಲ್ಯುಟಿಒದ ಟ್ರಿಪ್ಸ್ ಅನ್ನೂ ಬೌದ್ಧಿಕ ಆಸ್ತಿ ಒಪ್ಪಂದ ಓದಿದ್ರ ಗೊತ್ತಾಗತೈತಿ, 23ನೇ ವಿಧಿಯ ಜಾಸ್ತಿ ರಕ್ಷಣಾ ಇರೂದು ವೈನ್ ಮತ್ತ ಮದ್ಯಕ್ಕ ಅಷ್ಟ. ಫ್ರಾನ್ಸಿನ ಊರಿನ ಹೆಸರನ್ನ ಬ್ಯಾರೆ ಕಡೆಯ ವೈನ್ ಬಾಟಲಿ ಮ್ಯಾಲೆ "ಅದರಂಥಾದ್ದು" ಅಂತ ಬರದೂ ಮಾರಂಗಿಲ್ಲ. ನಮ್ಮ ಮೆಣಸಿನಕಾಯಿಗೆ, ಧಾರವಾಡ ಪೇಡೆಕ್ಕ, ನವಲಗುಂದ ಜಮಖಾನಕ್ಕ 22ನೇ ವಿಧಿಯ ಸಾದಾ ರಕ್ಷಣಾ, ಅಂದ್ರ ಗಿರಾಕಿಗೆ ಮೋಸ ಆಗತೈತಿ ಅಂತ ನಾವು ತೋರಸಬೇಕು. ಈ ಭೇದ ತಗೀಬೇಕು ಅಂತ ಭಾರತ ಡಬ್ಲ್ಯುಟಿಒದಾಗ ಕೇಳಕೋತನ ಬಂದೈತಿ. ಯುರೋಪಿನವರು ತಮ್ಮ ಊರಿನ ಚೀಸ್ ಹ್ಯಾಮ್ ಹೆಸರುಗಳನ್ನ ಹೆಂಗ ಕಾಯತಾರ, ಬೆಳೆಯೂ ರೈತರ ಸಂಘಗಳನ್ನ ಹೆಂಗ ಕಟ್ಟ್ಯಾರ, ಯಾರು ತಪಾಸಣೆ ಮಾಡತಾರ, ಇದನ್ನ ಅಲ್ಲೇ ಕುಂತು ನೋಡಿ ಕಲಿಯೂ ವಿಷಯ. ಬ್ಯಾಡಗಿ ಮಾರ್ಕೆಟ್ಟಿನ ಹಮಾಲರ ಮಗಾ ಇದನ್ನ ಓದಾಕ ಹೋದ್ರ ನಾನು ರಾತ್ರಿ ಹಗಲು ಕುಂತು ಅವನ ಅರ್ಜಿ ಬರಸತೇನಿ.

ಹೋಗೂ ಮುಂಚೆ ಇಂಥಾ ಒಂದು ಪ್ರಶ್ನೆ ನಿಮ್ಮ ಕೈಯಾಗ ಇರಬೇಕು. ಯಾಕ ಓದಾಕ ಹೊಂಟೇನಿ ಅಂತ ಅರ್ಜಿ ಜೊತಿ ಬರದು ಕೊಡೂ ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ದಾಗ "ನನಗ ಚಿಕ್ಕಂದಿನಿಂದ ನ್ಯಾಯದ ಮ್ಯಾಲೆ ಪ್ರೀತಿ" ಅಂತ ಬರದು ತರೂ ಹುಡುಗರಿಗೆ ನಾನು ಪೇಪರ್ ವಾಪಸ್ ಕೊಟ್ಟು, ನಿಮ್ಮ ಊರಾಗ ಯಾವ ಕೇಸ್ ನಿಮಗ ನಿದ್ದಿ ಕೆಡಿಸೇತಿ ಅದನ್ನ ಬರೀರಿ ಅಂತೇನಿ.

ಎಕ್ಸ್‌ಚೇಂಜ್ ಅಂತ ಕೇಳತಾರ, ಎಲ್ಎಲ್‌ಬಿ ಓದಕೋತನ ಒಂದು ಸೆಮಿಸ್ಟರ್ ಹೊರಗ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೆ ಹ್ಯಾಂಬರ್ಗಿನ ಬುಸೇರಿಯಸ್ ಲಾ ಸ್ಕೂಲಿನಂಥಾ ಜಾಗಾದ ಜೊತಿ ಒಪ್ಪಂದ ಅದಾವ. ಇಂಥಾ ಒಪ್ಪಂದದಾಗ ಫೀ ನಿಮ್ಮ ಕಾಲೇಜಿಗೇ ಕಟ್ಟತೀರಿ, ಅಲ್ಲಿ ಪಾಠದ ಫೀ ಇಲ್ಲ, ಊಟ ವಸತಿ ವೀಸಾ ಇನ್ಶೂರನ್ಸ್ ನಿಮ್ಮದು. ನಮ್ಮ ಕಡೆಯ ಸಾದಾ ಕಾಲೇಜಿನ್ಯಾಗ ಇದು ಅಪರೂಪ, ಇದ್ದರೂ ಅಲ್ಲಿಯ ಕ್ರೆಡಿಟ್ ಇಲ್ಲಿ ಹಿಡಿತಾರಾ, ಇಲ್ಲಿಯ ಹಾಜರಿ ಏನ್ ಆಗತೈತಿ ಅನ್ನೂದನ್ನ ಮೊದಲ ಬರವಣಿಗಿಯಾಗ ತಗೋಬೇಕು. ಆದ್ರ ಕಾಲೇಜಿನ ಒಪ್ಪಂದ ಇಲ್ಲ ಅಂತ ಬ್ಯಾಸರ ಮಾಡಕೋಬ್ಯಾಡ್ರಿ. ನೆದರ್ಲೆಂಡ್ಸಿನ ಹೇಗ್ ಊರಿನ್ಯಾಗ ಅಂತರರಾಷ್ಟ್ರೀಯ ನ್ಯಾಯಾಲಯ ಇರೂ ಪೀಸ್ ಪ್ಯಾಲೇಸಿನ್ಯಾಗನ ಅಂತರರಾಷ್ಟ್ರೀಯ ಕಾನೂನು ಕಲಸೂ ಹೇಗ್ ಅಕಾಡೆಮಿ ಐತಿ, 1923ರದ್ದು, ಬ್ಯಾಸಿಗಿಯಾಗ ಮೂರು ಮೂರು ವಾರದ ಕೋರ್ಸು ನಡಸತಾರ, ಸ್ಕಾಲರ್‌ಶಿಪ್ಪೂ ಕೊಡತಾರ, ಒಬ್ಬೊಬ್ಬರ ಅರ್ಜಿ ಹಾಕಬಹುದು. ಜೆಸಪ್ ಮೂಟ್ ಕೋರ್ಟ್, ಅಂದ್ರ ಹುಡುಗರು ಅಣಕು ಕೋರ್ಟಿನ್ಯಾಗ ವಾದ ಮಾಡೂ ಸ್ಪರ್ಧಾ, 1960ರಿಂದ ನಡದೈತಿ, ಯಾವ ಲಾ ಕಾಲೇಜಾದ್ರೂ ಟೀಮ್ ನೋಂದಾಯಿಸಬಹುದು, ಇಲ್ಲಿಯ ಸುತ್ತಿನ್ಯಾಗ ಗೆದ್ರ ಫೈನಲ್ ವಾಷಿಂಗ್ಟನ್ನಿನ್ಯಾಗ. ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆ ವೈಪೋದ ಅಕಾಡೆಮಿಯ ಬೌದ್ಧಿಕ ಆಸ್ತಿ ಕೋರ್ಸ್ ಡಿಎಲ್-101 ಅಂತೂ ಮನಿಯಾಗ ಕುಂತು ಪುಕ್ಕಟೆ ಮಾಡೂದು, ಮೊಬೈಲ್ ಇದ್ರ ಸಾಕು.

ರೊಕ್ಕದ ಮಾತು ಬಂದ್ರ ನಾನು ಕಟುವಾಗಿ ಮಾತಾಡತೇನಿ. ಎಲ್ಎಲ್ಎಂ ಸಲುವಾಗಿ ಹೊಲ ಒತ್ತಿ ಹಾಕಬ್ಯಾಡ್ರಿ. ಎಂಎಸ್ ಮಾಡಿದ ಇಂಜಿನಿಯರ್ ಹುಡುಗರಿಗೆ ಅಮೆರಿಕಾದಾಗ ಓದು ಮುಗದ ಮ್ಯಾಲೆ ಸ್ಟೂಡೆಂಟ್ ವೀಸಾದ ಮ್ಯಾಲನ ಕೆಲಸ ಮಾಡೂ ಅವಧಿ ಜಾಸ್ತಿ ಸಿಗತೈತಿ, ಹಂಗ ಜಾಸ್ತಿ ಸಿಗೂ ಕೋರ್ಸುಗಳ ಪಟ್ಟಿಯಾಗ ಎಲ್ಎಲ್ಎಂ ಬರೂದಿಲ್ಲ, 12 ತಿಂಗಳು ಅಷ್ಟ, ಮ್ಯಾಲೆ ಅಲ್ಲಿ ವಕೀಲಕಿ ಮಾಡಾಕ ಆಯಾ ರಾಜ್ಯದ ಬಾರ್ ಪರೀಕ್ಷಾ ಬ್ಯಾರೆ. ಡಾಲರಿನ್ಯಾಗ ದುಡದು ಸಾಲ ತೀರಸತಾನ ಅನ್ನೂ ಲೆಕ್ಕ ಇಲ್ಲಿ ಕೂಡೂದಿಲ್ಲ. ಫೀ ಬಿಟ್ಟು ಬ್ಯಾರೆ ಖರ್ಚೂ ನೋಡ್ರಿ, ಇಂಗ್ಲೆಂಡಿಗೆ ಹೋಗೂ ಸ್ಟೂಡೆಂಟ್ ಆರೋಗ್ಯದ ಸರ್‌ಚಾರ್ಜ್ ಅಂತ ವರ್ಷಕ್ಕ 776 ಪೌಂಡ್ ಮೊದಲ ಕಟ್ಟಬೇಕು, ವೀಸಾಕ್ಕ ತೋರಸೂ ರೊಕ್ಕ 28 ದಿನ ಬ್ಯಾಂಕಿನ್ಯಾಗ ಅಲುಗಾಡದ ಇರಬೇಕು. ಜರ್ಮನಿಯಾಗ ಸರ್ಕಾರಿ ಯೂನಿವರ್ಸಿಟಿಗಳಾಗ ಭಾಳ ಕಡೆ ಫೀ ಇಲ್ಲ ಖರೆ, ಆದ್ರ ವೀಸಾಕ್ಕ ಬ್ಲಾಕ್ಡ್ ಅಕೌಂಟಿನ್ಯಾಗ (ತಿಂಗಳಿಗೆ ಇಷ್ಟ ಅಂತ ಮಾತ್ರ ತಗೀಲಿಕ್ಕೆ ಬರೂ ಖಾತೆಯಾಗ) ವರ್ಷಕ್ಕ 11,904 ಯೂರೋ ಇಡಬೇಕು, ಮತ್ತ ಇಂಗ್ಲಿಷಿನ್ಯಾಗ ಇರೂ ಎಲ್ಎಲ್ಎಂ ಕೆಲವಕ್ಕ ಫೀನೂ ಇರತೈತಿ.

ಅಂಬೇಡ್ಕರರಂಥಾವರಿಗೇ ರೊಕ್ಕ ಕೈ ಕೊಟ್ಟಿತ್ತು ನೋಡ್ರಿ. 1913ರಾಗ ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ ಮ್ಯಾಲೆ ಕೊಲಂಬಿಯಾಕ್ಕ ಹೋದ್ರು, 1916ರಾಗ ಬ್ಯಾರಿಸ್ಟರ್ ಆಗಾಕ ಲಂಡನ್ನಿನ ಗ್ರೇಸ್ ಇನ್ ಸೇರಿದ್ರು, ಸ್ಕಾಲರ್‌ಶಿಪ್ ಅವಧಿ ಮುಗೀತು ಅಂತ 1917ರಾಗ ಓದು ಅರ್ಧಕ್ಕ ಬಿಟ್ಟು ಬರಬೇಕಾತು. ಮತ್ತ 1920ರಾಗ ಉಳಿಸಿದ ಸಂಬಳ, ಗೆಳೆಯನ ಸಾಲ, ಕೊಲ್ಹಾಪುರದ ಶಾಹೂ ಮಹಾರಾಜರ ಸಹಾಯ ಎಲ್ಲಾ ಕೂಡಿಸಿಕೊಂಡು ಹೋಗಿ ಮುಗಸಿದ್ರು. ಇವತ್ತು ಎಸ್‌ಸಿ ಹುಡುಗರಿಗೆ, ಅಲೆಮಾರಿ ಸಮುದಾಯದವರಿಗೆ, ಭೂಮಿ ಇಲ್ಲದ ಕೂಲಿಕಾರರ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಐತಿ, ಮನಿ ಆದಾಯ ವರ್ಷಕ್ಕ 8 ಲಕ್ಷದ ಒಳಗ ಇರಬೇಕು. ಎಸ್‌ಸಿ ಎಸ್‌ಟಿಯವರಿಗೆ ಹೊರದೇಶದಾಗ ಓದಾಕ ನಮ್ಮ ರಾಜ್ಯದ ಪ್ರಬುದ್ಧ ಯೋಜನಾ ಐತಿ. ಗದಗ ಹಾವೇರಿ ಕಡೆ ಹಾಸ್ಟೆಲಿನ್ಯಾಗ ಇರೂ ಎಷ್ಟೋ ಹುಡುಗರಿಗೆ ಇವುಗಳ ಹೆಸರ ಗೊತ್ತಿಲ್ಲ, ಇದನ್ನ ಓದಿದವರು ಯಾರರೆ ಹಾಸ್ಟೆಲಿನ ನೋಟಿಸ್ ಬೋರ್ಡಿಗೆ ಹಚ್ಚಿದ್ರ ಭಾಳ ಉಪಕಾರ ಆಗತೈತಿ.

ಎಲ್ಲಾ ಜಾತಿ ಧರ್ಮದವರಿಗೂ ಇರೂ ಬ್ರಿಟಿಷ್ ಸರ್ಕಾರದ ಚೀವನಿಂಗ್ ಅನ್ನೂ ಸ್ಕಾಲರ್‌ಶಿಪ್ ನಮ್ಮ ಜೂನಿಯರ್ ವಕೀಲರಿಗೆ ಸರಿ ಹೊಂದತೈತಿ. ಎರಡು ವರ್ಷ, ಅಂದ್ರ 2,800 ತಾಸು ಕೆಲಸದ ಅನುಭವ ಕೇಳತಾರ, ಓದು ಮುಗದ ಮ್ಯಾಲೆ ಎರಡು ವರ್ಷ ತಮ್ಮ ದೇಶಕ್ಕ ವಾಪಸ್ ಬಂದಿರಬೇಕು ಅನ್ನೂ ಷರತ್ತು ಐತಿ, ಆ ಷರತ್ತು ನನಗ ಭಾಳ ಹಿಡಸೇತಿ. ಅರ್ಜಿ ಸಾಮಾನ್ಯವಾಗಿ ಆಗಸ್ಟಿನ್ಯಾಗ ತಗದು ಅಕ್ಟೋಬರ್ ಸುಮಾರಿಗೆ ಮುಗೀತೈತಿ. ಅಷ್ಟರಾಗ ಕೈಯಾಗ ಇರಬೇಕಾದ್ದು ಪಾಸ್‌ಪೋರ್ಟು, ಯೂನಿವರ್ಸಿಟಿಯ ಟ್ರಾನ್ಸ್‌ಕ್ರಿಪ್ಟು (ಎಲ್ಲಾ ವರ್ಷದ ಮಾರ್ಕ್ಸಿನ ಅಧಿಕೃತ ಪಟ್ಟಿ), ನಿಮ್ಮನ್ನ ಖರೇನ ಬಲ್ಲ ಇಬ್ಬರು ಬರದ ಶಿಫಾರಸ್ ಪತ್ರ. ಟ್ರಾನ್ಸ್‌ಕ್ರಿಪ್ಟಿಗೆ ಹೊತ್ತು ಹಿಡಿತೈತಿ, ಅದರ ಅರ್ಜಿ ಈ ವಾರನ ಹಾಕ್ರಿ.