'ಆ ಏರಿಯಾ ಸರಿ ಇಲ್ಲ' ಅನ್ನುವ ಮಾತು

ಸಾಗರ, ತೀರ್ಥಹಳ್ಳಿ ಕಡೆ ಈಗ ಅಮೆರಿಕದಲ್ಲಿ ಮಗನೋ ಮಗಳೋ ಇರುವ ಮನೆಗಳು ಜಾಸ್ತಿ. ಬಾಣಂತನಕ್ಕೆ ಅಂತ ಹೋಗಿ ಬಂದವರು ಅಲ್ಲಿಯ ಚಳಿ, ರಸ್ತೆ, ಅಂಗಡಿ ಎಲ್ಲಾ ವರ್ಣಿಸಿ ಒಂದು ಮಾತು ಸೇರಿಸುತ್ತಾರೆ: "ಕರಿಯರು ಇರೋ ಏರಿಯಾಗೆ ಮಾತ್ರ ಹೋಗಬಾರದು ಮಾರಾಯ." ಕೇಳಿದವರು ತಲೆಯಾಡಿಸುತ್ತಾರೆ. ನನಗೆ ಸಿಟ್ಟು ಬರುತ್ತದೆ.

ಆ ಏರಿಯಾ ತಾನಾಗೇ ಹಾಗಾಗಿದ್ದಲ್ಲ. 1930ರ ದಶಕದಲ್ಲಿ ಅಲ್ಲಿಯ ಸರ್ಕಾರಿ ಸಂಸ್ಥೆಯೇ ನಗರಗಳ ನಕ್ಷೆ ಮಾಡಿಸಿ ಕಪ್ಪು ಜನರ ಕೇರಿಗಳಿಗೆ ಕೆಂಪು ಬಣ್ಣ ಹಚ್ಚಿತು. ಇಲ್ಲಿ ಸಾಲ ಕೊಟ್ಟರೆ ಅಪಾಯ ಅಂತ ಅದರ ಅರ್ಥ. 1934ರಲ್ಲಿ ಶುರುವಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಅನ್ನುವ ಸರ್ಕಾರಿ ಸಂಸ್ಥೆ ಬಿಳಿಯರ ಹೊಸ ಬಡಾವಣೆಗಳ ಗೃಹಸಾಲಕ್ಕೆ ಬೆನ್ನಿಗೆ ನಿಂತಿತು, ಕಪ್ಪು ಜನರಿಗೆ ನಿಲ್ಲಲಿಲ್ಲ. ಅಲ್ಲಿ ಶಾಲೆಯ ದುಡ್ಡಿನ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ, ಹಾಗಾಗಿ ಮನೆಗೆ ಬೆಲೆ ಇಲ್ಲ ಅಂದರೆ ಶಾಲೆಗೂ ಪೆಟ್ಟು. ಮನೆ ಮಾರಾಟ, ಬಾಡಿಗೆಯಲ್ಲಿ ಬಣ್ಣ ನೋಡಬಾರದು ಅಂತ ಕಾನೂನು ಬಂದದ್ದು 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಒಂದು ವಾರಕ್ಕೆ. ಅಷ್ಟರಲ್ಲಿ ಬಿಳಿಯರ ಒಂದು ತಲೆಮಾರು ಮನೆ ಮಾಡಿಕೊಂಡು ಮಕ್ಕಳ ಕೈಗೆ ಕೊಡುವ ಹಂತಕ್ಕೆ ಬಂದಿತ್ತು.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? 1951ರಲ್ಲಿ ಕಾಗೋಡಿನ ಗೇಣಿದಾರರು ಹೋರಾಡಿದ್ದು ಯಾಕೆ? 1974ರಲ್ಲಿ ಭೂಸುಧಾರಣೆ ಜಾರಿಯಾದಾಗ ಗದ್ದೆ ಗೇಣಿದಾರರಿಗೆ ಸಿಕ್ಕಿತು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ದಲಿತ ಕುಟುಂಬಗಳಿಗೆ ಏನು ಸಿಕ್ಕಿತು? ಆ ಎರಡು ಮನೆಗಳ ಮೊಮ್ಮಕ್ಕಳನ್ನು ಇವತ್ತು ನೋಡಿದರೆ ಸಾಕು.

ಜಾತಿ, ಬಣ್ಣ ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಮನುಷ್ಯರನ್ನು ಹಡಗಿನಲ್ಲಿ ತುಂಬಿ ತಂದು ಹರಾಜು ಹಾಕಿದ ಚರಿತ್ರೆ ಅಲ್ಲಿಯದು. ಹೊರಗಿನವರು ಬಾಯಿ ಬಿಡಲೇಬಾರದು ಅಂತಲೂ ಅಲ್ಲ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ಮನುಷ್ಯನ ಕತ್ತಿನ ಮೇಲೆ ಪೊಲೀಸ್ ಮಂಡಿಯೂರಿದ್ದನ್ನು ಶಿವಮೊಗ್ಗದಲ್ಲಿ ಕೂತು ನೋಡಿ ಸಂಕಟಪಟ್ಟವರದ್ದು ತಪ್ಪಾ? ಅಲ್ಲವೇ ಅಲ್ಲ.

ಇನ್ನೊಂದು ವಿಷಯ ನಮ್ಮವರಿಗೆ ಗೊತ್ತಿರಲೇಬೇಕು. ಭಗತ್ ಸಿಂಗ್ ಥಿಂಡ್ ಅನ್ನುವ ಪಂಜಾಬಿ, ತಾನು ಮೇಲ್ಜಾತಿಯ ಆರ್ಯ, ಹಾಗಾಗಿ ಬಿಳಿಯನೇ, ಪೌರತ್ವ ಕೊಡಿ ಅಂತ ಅಮೆರಿಕದಲ್ಲಿ ವಾದಿಸಿದರು. 1923ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಆಗಲ್ಲ ಅಂದಿತು. ನಮ್ಮ ಮಕ್ಕಳಿಗೆ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಅದು ಬಂದದ್ದು ಕಪ್ಪು ಜನ ಬೀದಿಯಲ್ಲಿ ಲಾಠಿ ಏಟು ತಿಂದು, ನಾಯಿಗಳಿಂದ ಕಚ್ಚಿಸಿಕೊಂಡು, 1964ರ ನಾಗರಿಕ ಹಕ್ಕುಗಳ ಕಾಯ್ದೆ ತಂದ ಮರುವರ್ಷ, ಅದೇ ಗಾಳಿಯಲ್ಲಿ. ಜಾತಿ ಮುಂದಿಟ್ಟು ಕೇಳಿದ್ದು ಸಿಗಲಿಲ್ಲ, ಅವರು ಹೋರಾಡಿದ್ದು ನಮಗೂ ಸಿಕ್ಕಿತು.